ಸೋಲಲು ಕಲಿತ ಯಂತ್ರ

(ಚದುರಂಗ ಕಲಿಯುತ್ತಿರುವ ಮಕ್ಕಳು ಹಾಗೂ ಪೋಷಕರ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಚದುರಂಗ ಆಡಬೇಕಾದರೆ ಮಣೆ ಬೇಕು, ಕಾಯಿ ಬೇಕು, ಎದುರಾಳಿ ಬೇಕು. ಮೊದಲಿನ ಎರಡು ಪೇಟೆಯಲ್ಲಿ ದುಡ್ಡು ಕೊಟ್ಟರೆ ಸಿಗುತ್ತವೆ. ಪರದಾಟವೆಲ್ಲ ಮೂರನೆಯದಕ್ಕೆ. ಅಪ್ಪನಿಗೆ ಆಟ ಗೊತ್ತಿಲ್ಲ, ಅಕ್ಕನಿಗೆ ಪುರುಸೊತ್ತಿಲ್ಲ, ಪಕ್ಕದ ಮನೆಯ ಹುಡುಗ ಎರಡು ಸಲ ಸೋತ ಮೇಲೆ ಈ ಕಡೆ ತಲೆ ಹಾಕುವುದಿಲ್ಲ. ಚೆಸ್ ಕ್ಲಬ್ ಇಲ್ಲದ ಊರಿನಲ್ಲಿ ಆಟ ಕಲಿತ ಮಗುವಿನ ಕಷ್ಟ ಇದು.

ಒಬ್ಬರೇ ಮಣೆಯ ಮುಂದೆ ಕೂರುವ ಹವ್ಯಾಸ ನಮ್ಮಲ್ಲಿ ಹಳೆಯದೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯ ಓಟದ ಬಂಧಗಳನ್ನು ರಚಿಸಿದವರು. ಯಾವ ಮನೆಯನ್ನೂ ಎರಡನೆಯ ಸಲ ಮುಟ್ಟದೆ ಕುದುರೆ 64 ಮನೆಗಳನ್ನೂ ಸುತ್ತಬೇಕು. ಅದಕ್ಕೆ ಎದುರಾಳಿ ಬೇಡ. ಆದರೆ ಅದು ಒಗಟು. ಆಟ ಎನ್ನಿಸಿಕೊಳ್ಳಬೇಕಾದರೆ ನಮ್ಮ ನಡೆಗೆ ಎದುರು ನಡೆ ಇಡುವವರು ಬೇಕು.

ಈಗ ಆ ಎದುರು ನಡೆಯನ್ನು ಅಂತರ್ಜಾಲದಲ್ಲಿ ಕಂಪ್ಯೂಟರೇ ಇಡುತ್ತದೆ. ಹಗಲಿರಲಿ, ರಾತ್ರಿಯಿರಲಿ, ಕರೆದಾಗ ಬಂದು ಕೂರುತ್ತದೆ. ಇಂಥ ಸೇವೆಯನ್ನು ಕಟ್ಟುವುದು ಹೇಗೆ? ಅದರ ಖರ್ಚು ಹೊರುವವರು ಯಾರು? ಅದರಲ್ಲಿ ಅತಿ ಕಷ್ಟದ ಕೆಲಸ ಯಾವುದು? ಯಂತ್ರಕ್ಕೆ ಗೆಲ್ಲುವುದನ್ನು ಕಲಿಸುವುದು ಕಷ್ಟ ಎಂದು ನಾವೆಲ್ಲ ತಿಳಿದಿದ್ದೇವೆ. ಆ ಕೆಲಸ ಎಂದೋ ಮುಗಿದಿದೆ. ಹದವರಿತು ಸೋಲುವುದನ್ನು ಕಲಿಸುವುದೇ ಕಷ್ಟವಾಯಿತು. ಇವತ್ತು ಆ ಕಥೆಯನ್ನು ಹೇಳಬೇಕೆಂದಿದ್ದೇನೆ.

ಪೆಟ್ಟಿಗೆಯೊಳಗಿನ ಮನುಷ್ಯ

ಯಂತ್ರದೊಂದಿಗೆ ಚೆಸ್ ಆಡುವ ಆಸೆ ಶುರುವಾದದ್ದು ಒಂದು ಮೋಸದಿಂದ. 1770ರಲ್ಲಿ ವಿಯೆನ್ನಾದ ರಾಣಿ ಮರಿಯಾ ತೆರೇಸಾ ಅವರ ಆಸ್ಥಾನದಲ್ಲಿ ವೋಲ್ಫ್‌ಗ್ಯಾಂಗ್ ಫಾನ್ ಕೆಂಪೆಲೆನ್ ಎಂಬಾತ ಒಂದು ಯಂತ್ರವನ್ನು ಪ್ರದರ್ಶಿಸಿದ. ದೊಡ್ಡ ಪೆಟ್ಟಿಗೆ, ಅದರ ಮೇಲೆ ಚದುರಂಗದ ಮಣೆ, ಹಿಂದೆ ತುರ್ಕಿ ವೇಷದ ಬೊಂಬೆ. ಪೆಟ್ಟಿಗೆಯ ಬಾಗಿಲು ತೆರೆದರೆ ಹಲ್ಲುಚಕ್ರಗಳು ಕಾಣುತ್ತಿದ್ದವು. ಬೊಂಬೆ ಕೈಯೆತ್ತಿ ಕಾಯಿ ನಡೆಸುತ್ತಿತ್ತು, ಗೆಲ್ಲುತ್ತಲೂ ಇತ್ತು. 1809ರಲ್ಲಿ ನೆಪೋಲಿಯನ್ ಕೂಡ ಅದರೆದುರು ಆಡಿದ. ಗುಟ್ಟು ಇಷ್ಟೇ: ಪೆಟ್ಟಿಗೆಯೊಳಗೆ ಒಬ್ಬ ನುರಿತ ಆಟಗಾರ ಮುದುರಿಕೊಂಡು ಕೂತಿರುತ್ತಿದ್ದ. 1854ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆ ಬೊಂಬೆ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು.

ನಿಜವಾದ ಪ್ರಯತ್ನಗಳು ಬಂದದ್ದು 20ನೇ ಶತಮಾನದಲ್ಲಿ. ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ಚೆಸ್ ಆಡುವ ಕ್ರಮವಿಧಿಯೊಂದನ್ನು ರೂಪಿಸಿದರು. ಅದನ್ನು ನಡೆಸಬಲ್ಲ ಕಂಪ್ಯೂಟರ್ ಅವರ ಕೈಗೆ ಸಿಗಲಿಲ್ಲ. 1952ರಲ್ಲಿ ತಾವೇ ಯಂತ್ರದಂತೆ ಕೂತು, ಕಾಗದದ ಮೇಲೆ ಲೆಕ್ಕ ಹಾಕಿ, ಸಹೋದ್ಯೋಗಿ ಅಲಿಕ್ ಗ್ಲೆನಿಯೊಂದಿಗೆ ಆಡಿದರು. ಒಂದೊಂದು ನಡೆಯ ಲೆಕ್ಕಕ್ಕೂ ಸುಮಾರು ಅರ್ಧ ಗಂಟೆ. 29 ನಡೆಗಳಲ್ಲಿ ಗ್ಲೆನಿ ಗೆದ್ದರು. ತುರ್ಕಿ ಬೊಂಬೆಯಲ್ಲಿ ಮನುಷ್ಯ ಯಂತ್ರದ ಒಳಗೆ ಅಡಗಿದ್ದ. ಇಲ್ಲಿ ಮನುಷ್ಯನೇ ಎಲ್ಲರ ಕಣ್ಣೆದುರು ಯಂತ್ರವಾಗಿದ್ದ.

ಯಂತ್ರದ ಲೆಕ್ಕ

ಯಂತ್ರ ಏನನ್ನು ಲೆಕ್ಕ ಹಾಕುತ್ತದೆ? ಆಟದ ಆರಂಭದಲ್ಲಿ ಬಿಳಿಯ ಆಟಗಾರನಿಗೆ 20 ನಡೆಗಳು ಸಾಧ್ಯ. ಕಪ್ಪಿಗೂ 20. ಇಬ್ಬರೂ ಒಂದೊಂದು ನಡೆ ಇಡುವ ಬಗೆಗಳು 400. ಎರಡೆರಡು ನಡೆಗಳಾಗುವಷ್ಟರಲ್ಲಿ ಅದು 1,97,281ಕ್ಕೆ ಏರುತ್ತದೆ. ಇಡೀ ಆಟ ಸಾಗಬಹುದಾದ ಬಗೆಗಳೆಷ್ಟು ಎಂದು ಅಮೆರಿಕದ ಕ್ಲಾಡ್ ಶ್ಯಾನನ್ 1950ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಅಂದಾಜು ಮಾಡಿದರು: 1ರ ಮುಂದೆ 120 ಸೊನ್ನೆ. ಎಲ್ಲವನ್ನೂ ನೋಡಿ ಮುಗಿಸುವ ಯಂತ್ರ ಎಂದೂ ಬರಲಾರದು.

ಆದ್ದರಿಂದ ಯಂತ್ರ ಕೆಲವು ನಡೆಗಳಷ್ಟು ದೂರ ನೋಡಿ, ಅಲ್ಲಿ ನಿಂತು ಬೆಲೆ ಕಟ್ಟುತ್ತದೆ. ಪದಾತಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ಮಂತ್ರಿಗೆ 9. ರಾಜ ಎಷ್ಟು ಭದ್ರ, ಕಾಯಿಗಳಿಗೆ ಓಡಾಡಲು ಜಾಗವಿದೆಯೇ ಎಂಬುದನ್ನೂ ಸೇರಿಸಿಕೊಳ್ಳುತ್ತದೆ. ತಾನು ತನಗೆ ಒಳ್ಳೆಯದನ್ನು ಆರಿಸುತ್ತೇನೆ, ಎದುರಾಳಿ ತನಗೆ ಒಳ್ಳೆಯದನ್ನು ಆರಿಸುತ್ತಾನೆ ಎಂದುಕೊಂಡೇ ಮುಂದೆ ಸಾಗುತ್ತದೆ. ಇಲ್ಲಿ ಒಂದು ಜಾಣತನವೂ ಇದೆ. ಒಂದು ನಡೆಗೆ ಎದುರಾಳಿಯಲ್ಲಿ ಮಾರಕ ಉತ್ತರವೊಂದು ಇದೆ ಎಂದು ತಿಳಿದರೆ ಸಾಕು, ಆ ನಡೆಯನ್ನು ಅಲ್ಲಿಗೇ ಕೈಬಿಡುತ್ತದೆ. ಹುಳುಕು ಕಂಡ ಬದನೆಕಾಯಿಯನ್ನು ಯಾರೂ ಪೂರ್ತಿ ಹೆಚ್ಚಿ ನೋಡುವುದಿಲ್ಲವಲ್ಲ, ಹಾಗೆ.

ಈ ಲೆಕ್ಕಕ್ಕೆ ವೇಗ ಕೂಡಿಕೊಂಡಾಗ ಆದದ್ದು ಎಲ್ಲರಿಗೂ ಗೊತ್ತು. 1996ರಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಐಬಿಎಂ ಕಂಪೆನಿಯ ಡೀಪ್ ಬ್ಲೂ ಯಂತ್ರವನ್ನು 4–2ರಿಂದ ಸೋಲಿಸಿದರು. ಮರುವರ್ಷ, 1997ರ ಮೇ 11ರಂದು, ನ್ಯೂಯಾರ್ಕ್‌ನಲ್ಲಿ ಅದೇ ಯಂತ್ರದ ಸುಧಾರಿತ ರೂಪ 3.5–2.5ರಿಂದ ಗೆದ್ದಿತು. ಅದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ಇಂದು ಅದಕ್ಕಿಂತ ಬಲವಾದ ಆಟಗಾರ ನಿಮ್ಮ ಜೇಬಿನ ಮೊಬೈಲಿನಲ್ಲಿ ಉಚಿತವಾಗಿ ಕೂರುತ್ತಾನೆ.

ಸೇವೆ ಕಟ್ಟುವ ಬಗೆ

ಎಂಜಿನ್, ಅಂದರೆ ಆಡುವ ತಂತ್ರಾಂಶ, ಸಿಕ್ಕಿತು. ಅದಷ್ಟರಿಂದಲೇ ಸೇವೆಯಾಗುವುದಿಲ್ಲ. ಮೂವರು ಕೆಲಸಗಾರರು ಬೇಕು. ಒಬ್ಬ ಪರದೆಯ ಮೇಲೆ ಮಣೆ ತೋರಿಸುವವ. ಇನ್ನೊಬ್ಬ ನಿಯಮ ನೋಡಿಕೊಳ್ಳುವ ತೀರ್ಪುಗಾರ. ಮೂರನೆಯವನು ಆಡುವ ಎಂಜಿನ್. ಇವರಲ್ಲಿ ತೀರ್ಪುಗಾರನದು ತಾಳ್ಮೆಯ ಕೆಲಸ. ರಾಜ ಒಮ್ಮೆ ಕದಲಿದ್ದರೆ ಮತ್ತೆ ಕ್ಯಾಸ್ಲಿಂಗ್ ಇಲ್ಲ, ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು ಎಂಬಂಥ ಸೂಕ್ಷ್ಮಗಳನ್ನೆಲ್ಲ ಅವನು ನೆನಪಿಟ್ಟುಕೊಳ್ಳಬೇಕು. ಆಡುವವರ ಕಂಪ್ಯೂಟರಿನಿಂದ ಬಂದ ನಡೆಯನ್ನು ನಂಬಿ ಒಪ್ಪಿಕೊಳ್ಳುವಂತಿಲ್ಲ. ಪ್ರತಿಯೊಂದನ್ನೂ ಸೇವೆಯ ಕೇಂದ್ರದಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು.

ಈ ಮೂವರು ಮಾತಾಡಿಕೊಳ್ಳುವುದು ಹೇಗೆ? ಹಿಂದೆ ಪೋಸ್ಟ್ ಕಾರ್ಡಿನಲ್ಲಿ ಚೆಸ್ ಆಡುತ್ತಿದ್ದವರನ್ನು ನೆನಪಿಸಿಕೊಳ್ಳಿ. ಕಾರ್ಡು ತಲುಪಿದಾಗ ಆಟ ಎಲ್ಲಿಗೆ ಬಂದಿದೆ ಎಂಬುದು ಎದುರಿನವರಿಗೆ ತಪ್ಪಿಲ್ಲದೆ ತಿಳಿಯಬೇಕಿತ್ತು. ಕಂಪ್ಯೂಟರುಗಳ ನಡುವೆಯೂ ಅದೇ ಅಗತ್ಯ. ಅದಕ್ಕಾಗಿ ಬಳಸುವ ಒಂದು ಸಾಲಿನ ಬರಹಕ್ಕೆ ‘ಫೆನ್’ ಎಂದು ಹೆಸರು. ಕಾಯಿಗಳಿಗೆ ಅಕ್ಷರ, ಖಾಲಿ ಮನೆಗಳಿಗೆ ಅಂಕಿ. ಸರದಿ ಯಾರದು, ಕ್ಯಾಸ್ಲಿಂಗ್ ಹಕ್ಕು ಉಳಿದಿದೆಯೇ ಎಂಬುದೂ ಅದೇ ಸಾಲಿನಲ್ಲಿ. ಇದರ ಮೂಲರೂಪವನ್ನು ಕೊಟ್ಟವರು 19ನೇ ಶತಮಾನದಲ್ಲಿದ್ದ ಸ್ಕಾಟ್ಲೆಂಡಿನ ಪತ್ರಕರ್ತ ಡೇವಿಡ್ ಫೋರ್ಸಿತ್. ಕಂಪ್ಯೂಟರಿನ ಕನಸೂ ಇಲ್ಲದ ಕಾಲದ ಆ ಬರಹವನ್ನು ಮುಂದೆ ಸ್ಟೀವನ್ ಎಡ್ವರ್ಡ್ಸ್ ಎಂಬುವರು ಕಂಪ್ಯೂಟರಿಗೆ ಹೊಂದಿಸಿದರು. ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಆಟ ಮತ್ತೆ ಅಲ್ಲಿಂದಲೇ ಶುರುವಾಗಲು ಇಂಥದೊಂದು ಸಾಲು ಸಾಕು.

ಇನ್ನು ಖರ್ಚಿನ ಮಾತು. ಮಣೆ ತೋರಿಸುವುದು ಅಗ್ಗ, ನಿಯಮ ನೋಡುವುದು ಅಗ್ಗ. ಎಂಜಿನ್ ಮಾತ್ರ ಕೊಟ್ಟಷ್ಟನ್ನೂ ತಿನ್ನುವ ಬಕಾಸುರ. ಹೆಚ್ಚು ಹೊತ್ತು ಕೊಟ್ಟರೆ ಹೆಚ್ಚು ಆಳಕ್ಕೆ ಹೋಗುತ್ತದೆ. ಮುಗಿಯಿತು ಎಂಬುದೇ ಇಲ್ಲ. ಒಬ್ಬನಿಗೆ ಉತ್ತರಿಸುವುದು ಸುಲಭ. ಒಮ್ಮೆಲೇ ಸಾವಿರಾರು ಜನ ಬಂದು ಕೂತರೆ ಕೇಂದ್ರದ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಯೋಚಿಸುವ ಸಮಯಕ್ಕೆ ಮಿತಿ ಹಾಕಿ ಎಲ್ಲರನ್ನೂ ಸರದಿಯಲ್ಲಿ ನಿಲ್ಲಿಸುವುದು ಒಂದು ಉಪಾಯ. ಎಂಜಿನ್ನನ್ನೇ ಆಡುವವರ ಬ್ರೌಸರಿಗೆ ಕಳಿಸಿ ಅಲ್ಲೇ ಓಡಿಸುವುದು ಇನ್ನೊಂದು. ಆಗ ಕರೆಂಟೂ ಅವರದೇ, ಕಂಪ್ಯೂಟರೂ ಅವರದೇ.

ದುಡ್ಡಿನ ಪ್ರಶ್ನೆ ಜಗಳವನ್ನೂ ಹುಟ್ಟಿಸಿದೆ. 1992ರಲ್ಲಿ ಅಮೆರಿಕದಲ್ಲಿ ಇಂಟರ್ನೆಟ್ ಚೆಸ್ ಸರ್ವರ್ ಎಂಬ ಉಚಿತ ಸೇವೆ ಆರಂಭವಾಯಿತು. ಆಗ ಚಿತ್ರಗಳಿಲ್ಲ, ಟೈಪು ಮಾಡುವ ಅಕ್ಷರಗಳಿಂದಲೇ ಮಣೆ. ಅನೇಕರು ಸಂಬಳವಿಲ್ಲದೆ ಅದಕ್ಕಾಗಿ ದುಡಿದರು. 1995ರಲ್ಲಿ ಅದು ಶುಲ್ಕದ ಸೇವೆಯಾಯಿತು. ಒಪ್ಪದವರು ಹೊರಬಂದು ಅದೇ ವರ್ಷ ಉಚಿತ ಸರ್ವರೊಂದನ್ನು ಕಟ್ಟಿದರು. ಅಲ್ಲಿ ಮನುಷ್ಯರ ಸಾಲಿನಲ್ಲಿ ಕಂಪ್ಯೂಟರುಗಳೂ ಹೆಸರು ನೋಂದಾಯಿಸಿ ಆಡುತ್ತಿದ್ದವು. ಇದು ಯಂತ್ರ ಎಂದು ಹೆಸರಿನ ಪಕ್ಕದಲ್ಲೇ ಗುರುತು ಇರುತ್ತಿತ್ತು. ಶುಲ್ಕ ಹಾಕಿದವರಿಗೆ ಖರ್ಚಿನ ಕಷ್ಟವಿತ್ತು, ಹೊರಬಂದವರಿಗೆ ತಮ್ಮ ಶ್ರಮದಾನ ಮಾರಾಟವಾಯಿತೆಂಬ ನೋವಿತ್ತು. ಎರಡೂ ನಿಜ.

ಈ ಬಿಕ್ಕಟ್ಟಿಗೆ ಒಂದು ದಾರಿ ತೋರಿಸಿದ್ದು ಫ್ರಾನ್ಸಿನ ತಿಬೋ ದ್ಯುಪ್ಲೆಸಿ. ಅವರು 2010ರಲ್ಲಿ ಆರಂಭಿಸಿದ ಲಿಚೆಸ್ ಇಂದಿಗೂ ಉಚಿತ, ಜಾಹೀರಾತೂ ಇಲ್ಲ. ಲಾಭವಿಲ್ಲದ ಸಂಸ್ಥೆಯೊಂದು ದೇಣಿಗೆಯಿಂದ ಅದನ್ನು ನಡೆಸುತ್ತದೆ. ಅದರ ತಂತ್ರಾಂಶದ ಬರಹವನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಲಿಚೆಸ್ ಹಾಗೂ ಸ್ಕಾಲಾ ಎಂಬ ಕಂಪ್ಯೂಟರ್ ಭಾಷೆ, ಇವೆರಡರ ಹೆಸರನ್ನು ಬೆಸೆದು ಅದಕ್ಕೆ ‘ಲಿಲಾ’ ಎಂದು ಕರೆದಿದ್ದಾರೆ. ನಮ್ಮ ಕಿವಿಗೆ ಅದು ಲೀಲೆಯೆಂದೇ ಕೇಳುತ್ತದೆ. ಆಡಿದ ಆಟಗಳನ್ನು ಪರಿಶೀಲಿಸುವ ಭಾರದ ಕೆಲಸವನ್ನು ಬೇರೆ ಬೇರೆ ಕಡೆಯ ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳಿಗೆ ಹಂಚಿಕೊಳ್ಳುತ್ತಾರೆ. ಮದುವೆ ಮನೆಯ ಅಡುಗೆಗೆ ಊರವರೆಲ್ಲ ಬಂದು ತರಕಾರಿ ಹೆಚ್ಚಿಕೊಟ್ಟ ಹಾಗೆ. ಅಲ್ಲಿ ಆಡುವ ಎಂಜಿನ್ ಸ್ಟಾಕ್‌ಫಿಶ್ ಕೂಡ 2008ರಲ್ಲಿ ಹೀಗೇ ಮುಕ್ತವಾಗಿ ಹುಟ್ಟಿದ್ದು. ಆರಂಭಿಸಿದವರಲ್ಲಿ ಒಬ್ಬರು ನಾರ್ವೆಯವರು, ಒಬ್ಬರು ಇಟಲಿಯವರು. ನಾರ್ವೆಯಲ್ಲಿ ಒಣಗಿಸಿ ಇಟಲಿಯಲ್ಲಿ ಬೇಯಿಸುವ ಮೀನಿನ ಹೆಸರನ್ನೇ ಅದಕ್ಕಿಟ್ಟರು.

ಹದವರಿತ ಸೋಲು

ಇಷ್ಟೆಲ್ಲ ಆದ ಮೇಲೆ ಎಂಟು ವರ್ಷದ ಹುಡುಗಿಯೊಬ್ಬಳು ಬಂದು ಮಣೆಯ ಮುಂದೆ ಕೂರುತ್ತಾಳೆ ಎನ್ನಿ. ವಿಶ್ವ ಚಾಂಪಿಯನ್ನರನ್ನೂ ಮೀರಿಸಿದ ಎಂಜಿನ್ ಅವಳನ್ನು ಹತ್ತಿಪ್ಪತ್ತು ನಡೆಗಳಲ್ಲಿ ಮುಗಿಸುತ್ತದೆ. ಎರಡನೆಯ ಸಲವೂ ಅಷ್ಟೇ. ಹತ್ತನೆಯ ಸಲಕ್ಕೆ ಅವಳು ಬರುವುದಿಲ್ಲ. ಕುಸ್ತಿ ಕಲಿಸುವ ಉಸ್ತಾದರು ಹೊಸ ಹುಡುಗನ ಕೈಗೆ ಒಮ್ಮೊಮ್ಮೆ ಪಟ್ಟು ಸಿಗಲು ಬಿಡುತ್ತಾರೆ. ಯಂತ್ರಕ್ಕೆ ಆ ದಾಕ್ಷಿಣ್ಯ ಎಲ್ಲಿಂದ ಬರಬೇಕು?

ಮೊದಲು ಹೊಳೆದದ್ದು ಸುಲಭದ ಉಪಾಯ. ಕಡಿಮೆ ದೂರ ನೋಡುವಂತೆ ಮಾಡುವುದು. ಒಳ್ಳೆಯ ನಡೆಗಳ ಜೊತೆ ಆಗಾಗ ಕೆಟ್ಟದ್ದನ್ನೂ ಆರಿಸುವಂತೆ ಹೇಳುವುದು. ಲಿಚೆಸ್‌ನಲ್ಲಿ ಹೀಗೆ 1ರಿಂದ 8ರವರೆಗೆ ಹಂತಗಳಿವೆ. ಆದರೆ ಇಂಥ ಯಂತ್ರದೆದುರು ಆಡಿದವರಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಹತ್ತು ನಡೆ ಮಹಾಪಂಡಿತನಂತೆ ಆಡಿ, ಹನ್ನೊಂದನೆಯದರಲ್ಲಿ ಕಾರಣವಿಲ್ಲದೆ ಮಂತ್ರಿಯನ್ನೇ ಕೊಟ್ಟುಬಿಡುತ್ತದೆ. ಅದು ಮನುಷ್ಯರು ಮಾಡುವ ತಪ್ಪಲ್ಲ. ಮನುಷ್ಯನ ತಪ್ಪಿಗೆ ಕಾರಣವಿರುತ್ತದೆ: ಆಕ್ರಮಣದ ಆಸೆಯಲ್ಲಿ ಸ್ವಂತ ರಾಜನನ್ನು ಮರೆಯುತ್ತಾನೆ, ದೂರದ ಮೂಲೆಯಲ್ಲಿ ಕೂತ ಒಂಟೆ ಅವನ ಕಣ್ಣಿಗೆ ಬೀಳುವುದಿಲ್ಲ, ಕುದುರೆ ಹಿಂದಕ್ಕೂ ಹಾರುತ್ತದೆಂಬುದು ಹೊಳೆಯುವುದಿಲ್ಲ. ಅಂಥ ತಪ್ಪನ್ನು ಹಿಡಿದು ಗೆದ್ದರೆ ಮಗು ಏನಾದರೂ ಕಲಿಯುತ್ತದೆ. ಬಿಟ್ಟಿ ಸಿಕ್ಕ ಮಂತ್ರಿಯಿಂದ ಕಲಿಯುವುದೇನು?

2020ರಲ್ಲಿ ಟೊರೊಂಟೊ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳು ಹಾಗೂ ಮೈಕ್ರೋಸಾಫ್ಟ್‌ನ ಸಂಶೋಧಕರು ಇದಕ್ಕೆ ಹೊಸ ದಾರಿ ಹಿಡಿದರು. ಅವರ ‘ಮಾಯಾ’ ಎಂಬ ತಂತ್ರಾಂಶವು ಅತ್ಯುತ್ತಮ ನಡೆಯನ್ನು ಹುಡುಕುವುದಿಲ್ಲ. ಈ ಮಟ್ಟದ ಆಟಗಾರ ಇಲ್ಲಿ ಯಾವ ನಡೆ ಇಡುತ್ತಿದ್ದ ಎಂದು ಊಹಿಸುತ್ತದೆ. ಲಿಚೆಸ್‌ನಲ್ಲಿ ಸಾಮಾನ್ಯ ಜನ ಆಡಿ, ಎಲ್ಲರ ಬಳಕೆಗೆ ಬಿಟ್ಟಿದ್ದ ಕೋಟ್ಯಂತರ ಆಟಗಳೇ ಅದರ ಪಾಠಪುಸ್ತಕ. ರೇಟಿಂಗ್ 1100ರಿಂದ 1900ರವರೆಗೆ ಒಂಬತ್ತು ಮಾಯಾಗಳನ್ನು ತಯಾರಿಸಿದರು. ಮನುಷ್ಯ ಇಡುವ ನಡೆಯನ್ನು ಅದು ಅರ್ಧದಷ್ಟು ಸಲ ಸರಿಯಾಗಿ ಹೇಳಬಲ್ಲದು. ಅವನು ಎಡವುವ ಕಡೆಗಳಲ್ಲಿ ಎಷ್ಟೋ ಸಲ ತಾನೂ ಎಡವುತ್ತದೆ.

ಇದನ್ನು ಸ್ವಲ್ಪ ಯೋಚಿಸಿ. ಗೆಲ್ಲುವುದನ್ನು ಯಂತ್ರ ಲೆಕ್ಕದಿಂದಲೇ ಕಲಿಯಿತು. ಮನುಷ್ಯರಂತೆ ಸೋಲಲು ಅದಕ್ಕೆ ನಮ್ಮಂಥ ಸಾಮಾನ್ಯರ ತಪ್ಪುಗಳು ಬೇಕಾದವು. ಆ ತಪ್ಪುಗಳು ಯಾವುದೋ ಕಂಪೆನಿಯ ಬೀರುವಿನಲ್ಲಿ ಬೀಗ ಹಾಕಿ ಕೂತಿದ್ದರೆ ಈ ಕೆಲಸ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ. ಉಚಿತ ಸೇವೆಯ ಲಾಭವನ್ನು ರೂಪಾಯಿಯಲ್ಲಿ ಮಾತ್ರ ಎಣಿಸಬಾರದು ಎನ್ನುವುದು ಇದಕ್ಕೇ.

ಪೋಷಕರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಕೆಂಪೆಲೆನ್ನನ ಬೊಂಬೆಯೊಳಗೆ ಮನುಷ್ಯ ಅಡಗಿದ್ದ. ಇಂದು ಅಂತರ್ಜಾಲದ ಪಂದ್ಯಗಳಲ್ಲಿ ಮನುಷ್ಯನ ಹೆಸರಿನ ಹಿಂದೆ ಎಂಜಿನ್ ಅಡಗಿಕೊಳ್ಳುವ ಕಳ್ಳಾಟ ನಡೆಯುತ್ತಿದೆ. ಎರಡೂ ಒಂದೇ ಮೋಸ. ಯಂತ್ರದೊಂದಿಗೆ ಆಡುವುದರಲ್ಲಿ ತಪ್ಪೇನಿಲ್ಲ. ಎದುರಿಗೆ ಕೂತಿರುವುದು ಯಾರು ಎಂಬುದು ಇಬ್ಬರಿಗೂ ಗೊತ್ತಿರಬೇಕು, ಅಷ್ಟೇ. ಮಗು ಕಂಪ್ಯೂಟರಿನೆದುರು ಸೋತು ಎದ್ದಾಗ ಎಷ್ಟನೇ ಹಂತ ಎಂದು ಕೇಳಬೇಡಿ, ಎಲ್ಲಿ ತಪ್ಪಿತು ಎಂದು ಕೇಳಿ. ಆ ನಡೆಯವರೆಗೆ ಆಟವನ್ನು ಹಿಂದಕ್ಕೆ ತಂದು ಇಬ್ಬರೂ ಕೂತು ನೋಡಿ. ನಿಮಗೆ ಆಟ ಬಾರದಿದ್ದರೆ ಮಗುವೇ ಕಲಿಸಿಕೊಡುತ್ತದೆ. ಆಗ ಮನೆಯಲ್ಲೇ ಇನ್ನೊಬ್ಬ ಎದುರಾಳಿ ತಯಾರಾದಂತೆ.