ಹರಿ, ಹರ ಮತ್ತು ಒಂದು ಗುಡಿಸು
(ಉಪನ್ಯಾಸದ ಪಾಠ)



‘ಹರಿ’ ಮತ್ತು ‘ಹರ’ – ಬರೆದು ನೋಡಿದರೆ ಒಂದು ಗುಡಿಸಿನ ವ್ಯತ್ಯಾಸ. ಆ ವ್ಯತ್ಯಾಸಕ್ಕಾಗಿ ಶೈವ–ವೈಷ್ಣವರು ಕಚ್ಚಾಡಿದ್ದುಂಟು. ಎರಡು ಹೆಸರನ್ನೂ ಒಂದೇ ಮೂರ್ತಿಯಲ್ಲಿ ಕೂಡಿಸಿ, ಸಾರಥಿಗೆ ಸಮೀಪದ ಹರಿಹರದಲ್ಲಿ 1224ರ ಸುಮಾರಿಗೆ ಗುಡಿ ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಪೋಲಾಳ್ವ.

ಅದೇ ಶತಮಾನದಲ್ಲಿ ದೂರದ ಸ್ಪೇನಿನ ಯಹೂದಿ ಅನುಭಾವಿಗಳು ಅಕ್ಷರಗಳೊಳಗೇ ದೇವರನ್ನು ಹುಡುಕುತ್ತಿದ್ದರು. ಅವರ ಪಂಥದ ಹೆಸರು ಕಬ್ಬಾಲ. ದೇವರು ಹೀಬ್ರೂವಿನ 22 ಅಕ್ಷರಗಳನ್ನು ಜೋಡಿಸಿ ಲೋಕವನ್ನು ಸೃಷ್ಟಿಸಿದನೆಂಬುದು ಅವರು ಓದುತ್ತಿದ್ದ ‘ಸೆಫೆರ್ ಯೆತ್ಸಿರಾ’ ಎಂಬ ಹಳೆಯ ಗ್ರಂಥದ ನಿಲುವು. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ‘ಒಂದು’ ಎಂಬರ್ಥದ ‘ಎಹಾದ್’ ಪದದ ಮೊತ್ತ 13. ‘ಪ್ರೀತಿ’ ಎಂಬರ್ಥದ ‘ಅಹವಾ’ದ ಮೊತ್ತವೂ 13. ಎರಡೂ ಸೇರಿದರೆ 26. ಬಾಯಿಬಿಟ್ಟು ಉಚ್ಚರಿಸಬಾರದ ನಾಲ್ಕಕ್ಷರದ ದೇವನಾಮದ ಮೊತ್ತವೂ ಅದೇ! ಅವರಿಗೆ ಈ ಲೆಕ್ಕವೇ ಧ್ಯಾನ.

ಕನ್ನಡ ನಾಡಿನಲ್ಲಿಯೂ ‘ನಮಃ ಶಿವಾಯ’ದ ಐದು ಅಕ್ಷರಗಳನ್ನು ಪಂಚಭೂತಗಳಿಗೆ ಹೊಂದಿಸುವ ಪದ್ಧತಿಯಿದೆ. ಆದರೆ ಒಂದು ಭೇದವುಂಟು. ಕಬ್ಬಾಲದವರಿಗೆ ಹೀಬ್ರೂ ದೇವರೇ ನುಡಿದ ಭಾಷೆ. ಬೇರೆ ನುಡಿಯಲ್ಲಿ ಆ ಲೆಕ್ಕ ಕೂಡದು. 12ನೇ ಶತಮಾನದ ಶರಣರಾದರೋ ಜನ ಆಡುವ ಕನ್ನಡದಲ್ಲೇ ಅನುಭಾವ ಹೇಳಿದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯನಂಥ ಕಾಯಕದವರು ವಚನಕಾರರಾದದ್ದು ಹಾಗೆ.

ಕೊನೆಗೆ ಇಬ್ಬರೂ ಮಾತು ನಿಲ್ಲುವ ಕಡೆಗೇ ಬರುತ್ತಾರೆ. ಅವರು ಅದನ್ನು ‘ಎಯ್ನ್ ಸೋಫ್’, ಅಂದರೆ ಕೊನೆಯಿಲ್ಲದ್ದು ಎಂದರು. ಅಲ್ಲಮ ‘ಬಯಲು’ ಎಂದ. ಅಲ್ಲಿ ಗುಡಿಸಿನ ಜಗಳಕ್ಕೆ ಎಡೆಯಿಲ್ಲ. ಅಲ್ಲಿಗೆ ಹೋಗುವ ದಾರಿ ಯಾರ ಭಾಷೆಯಲ್ಲಿರಬೇಕು ಎಂಬುದಕ್ಕೆ ಮಾತ್ರ ಶರಣರ ಉತ್ತರ ಸ್ಪಷ್ಟ: ನಡೆಯುವವರ ಭಾಷೆಯಲ್ಲಿ.