ಮರಡಿಹಳ್ಳಿಯ ಕಲ್ಲುದಿಂಬುಗಳು

ಮಕ್ಕಳೇ, ಚಿತ್ರದುರ್ಗ ಅಂದಕೂಡಲೇ ನಿಮಗೆ ಕೋಟೆ ನೆನಪಾಗುತ್ತದೆ, ಒನಕೆ ಓಬವ್ವ ನೆನಪಾಗುತ್ತಾಳೆ. ಆ ಕೋಟೆ ನಿಂತಿರುವುದು ತಿಳಿಬಣ್ಣದ ಗ್ರಾನೈಟ್ ಜಾತಿಯ ಬಂಡೆಗಳ ಮೇಲೆ. ನಾನು ಹೇಳಹೊರಟಿರುವುದು ಅದರ ನೆರೆಯಲ್ಲೇ ಇರುವ, ಹಸಿರು ಛಾಯೆಯ ಬೇರೊಂದು ಕಲ್ಲಿನ ಕಥೆ.

ಊರಿನಿಂದ ಆಗ್ನೇಯಕ್ಕೆ ಸುಮಾರು 16 ಕಿಲೋಮೀಟರ್ ಹೋದರೆ ಮರಡಿಹಳ್ಳಿ. ಅಲ್ಲಿನ ಬಂಡೆಯ ಮೈತುಂಬ ದುಂಡಗೆ ಉಬ್ಬಿದ ಆಕಾರಗಳು ಒಂದಕ್ಕೊಂದು ಒತ್ತಿಕೊಂಡು ಕೂತಿವೆ. ಇವಕ್ಕೆ ದಿಂಬು ಲಾವಾ ಎಂದು ಹೆಸರು. ಈ ಜಾಗ ನಮ್ಮ ದೇಶದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದು.

ಇಂಥ ಆಕಾರ ಬರಬೇಕಾದರೆ ನೀರು ಬೇಕೇ ಬೇಕು. ನೀರಿನ ತಳದಲ್ಲಿ ಬಿರುಕು ಬಿಟ್ಟು ಲಾವಾ ಉಕ್ಕುತ್ತದೆ. ತಣ್ಣೀರು ತಾಕಿದ್ದೇ ತಡ, ಅದರ ಹೊರಮೈ ಗಟ್ಟಿಯಾಗುತ್ತದೆ, ಒಳಗಿನ್ನೂ ಕೆಂಡ. ಒಳಗಿನ ಒತ್ತಡಕ್ಕೆ ಹೊರಮೈ ಸೀಳಿ ಇನ್ನೊಂದು ಮುದ್ದೆ ಹೊರಬರುತ್ತದೆ, ಅದರ ಮೇಲೆ ಮತ್ತೊಂದು. ಹವಾಯಿ ದ್ವೀಪದ ಹತ್ತಿರ ಮುಳುಗುಗಾರರು ಇದನ್ನು ಕಣ್ಣಾರೆ ಕಂಡಿದ್ದಾರೆ. ಒಂದು ದಿಂಬನ್ನು ಹತ್ತಿರದಿಂದ ನೋಡಿ. ಅಂಚಿನಲ್ಲಿ ಕಲ್ಲು ನುಣುಪು, ಒಳಗೆ ಹೋದಂತೆ ಕಣಗಳು ಕೊಂಚ ದಪ್ಪ. ಥಟ್ಟನೆ ಆರಿದ ಅಂಚಿನಲ್ಲಿ ಹರಳುಗಳಿಗೆ ಬೆಳೆಯಲು ಪುರುಸೊತ್ತೇ ಸಿಗಲಿಲ್ಲ!

ಹಾಗಾದರೆ ಇಂದಿನ ಈ ಒಣನೆಲ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು. ಅದು 250 ಕೋಟಿ ವರ್ಷಗಳಿಗೂ ಹಿಂದಿನ ಮಾತು. ಡೈನೋಸಾರ್‌ಗಳು ಅಳಿದು ಆಗಿರುವುದು 6.6 ಕೋಟಿ ವರ್ಷ ಮಾತ್ರ. ಈ ಲಾವಾ ಉಕ್ಕಿದ ಕಾಲಕ್ಕೆ ಹುಲ್ಲಿಲ್ಲ, ಮೀನಿಲ್ಲ, ಇದ್ದದ್ದು ಸೂಕ್ಷ್ಮಜೀವಿಗಳಷ್ಟೇ.

ಕಪ್ಪು ಲಾವಾ ಹಸಿರಾದದ್ದು ಆಮೇಲೆ. ನೆಲದಾಳದಲ್ಲಿ ಹೂತು, ಶಾಖ, ಒತ್ತಡ, ನೀರು ಮೂರೂ ಸೇರಿದಾಗ ಹಳೆಯ ಖನಿಜಗಳು ಕ್ಲೋರೈಟ್, ಆಕ್ಟಿನೊಲೈಟ್ ಎಂಬ ಹಸಿರು ಖನಿಜಗಳಾದವು. ಇಂಥ ಕಲ್ಲುಗಳ ಉದ್ದನೆಯ ಸಾಲೇ ಹಸಿರುಶಿಲಾ ಪಟ್ಟಿ. ಚಿತ್ರದುರ್ಗದ ಪಟ್ಟಿ ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ನೂರಾರು ಕಿಲೋಮೀಟರ್ ಚಾಚಿದೆ. ಇದರ ಬಿರುಕುಗಳಲ್ಲಿ ಬಿಸಿನೀರು ಹರಿದು ಇಂಗಳದಾಳದಲ್ಲಿ ತಾಮ್ರವನ್ನೂ ಗದಗದ ಬಳಿ ಚಿನ್ನವನ್ನೂ ಬಿಟ್ಟುಹೋಯಿತು.

ಮಟ್ಟಸವಾಗಿ ಹಾಸಿಕೊಂಡಿದ್ದ ಈ ಲಾವಾ ಪದರಗಳು ಈಗ ಬಹುಪಾಲು ಕಡಿದಾಗಿ ನಿಂತಿವೆ. ಪೂರ್ವ ಪಶ್ಚಿಮಗಳಿಂದ ಭೂಮಿ ಅದುಮಿದಾಗ, ಎರಡು ಬದಿಯಿಂದ ತಳ್ಳಿದ ಚಾಪೆಯ ಹಾಗೆ, ಅವು ಮಡಿಕೆ ಬಿದ್ದವು. ಮಡಿಕೆಗಳ ಮೇಲ್ಭಾಗ ಮಳೆಗಾಳಿಗೆ ಸವೆದುಹೋಯಿತು.

ಈಗ ಒಂದು ಕಷ್ಟದ ಪ್ರಶ್ನೆ. ನೆಟ್ಟಗೆ ನಿಂತ ಪದರದಲ್ಲಿ ಮೊದಲು ಮೇಲಿದ್ದ ಮೈ ಯಾವುದು, ಕೆಳಗಿದ್ದದ್ದು ಯಾವುದು? ಇದಕ್ಕೆ ಉತ್ತರ ದಿಂಬಿನಲ್ಲೇ ಇದೆ; ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಮೆತ್ತಗಿದ್ದಾಗ ಪ್ರತಿ ಮುದ್ದೆಯ ಮೇಲ್ಭಾಗ ಉಬ್ಬುತ್ತದೆ, ತಳಭಾಗ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದು ಚೂಪಾದ ಬಾಲವಾಗುತ್ತದೆ. ಬಾಲ ಇದ್ದ ಕಡೆಯೇ ಅಂದಿನ ನೆಲ. ಒಂದು ಕಡೆ ಬಾಲಗಳೆಲ್ಲ ಪೂರ್ವಕ್ಕಿವೆ, ಮುಂದೆ ಹೋದರೆ ಪಶ್ಚಿಮಕ್ಕಿವೆ ಎಂದುಕೊಳ್ಳಿ. ನಡುವೆ ಎಲ್ಲೋ ಪದರ ಮಡಚಿರಬಹುದು. ಹೀಗೆ ಒಂದೊಂದೇ ಬಾಲ ನೋಡುತ್ತಾ, ಸವೆದು ಮಾಯವಾದ ಮಡಿಕೆಯನ್ನೂ ಭೂವಿಜ್ಞಾನಿ ನಕ್ಷೆಯಲ್ಲಿ ಬರೆಯಬಲ್ಲರು.