ಆಟ ನಿಲ್ಲಿಸಿದ ಹುಡುಗಿಯರು

(ಸ್ವಸಹಾಯ ಗುಂಪುಗಳ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಉಳಿತಾಯ, ಸಾಲ, ಬಡ್ಡಿಯ ಮಾತು ಮುಗಿದ ಮೇಲೆ ಇವಳೇನು ಫುಟ್‌ಬಾಲಿನ ಕಥೆ ತೆಗೆದಳು ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ.

ಒಂದು ಭಾನುವಾರ ನನ್ನ ತಮ್ಮನ ಮಗಳು, "ಅತ್ತೆ, ಇದನ್ನ ನೋಡು ಬಾ" ಎಂದು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಧಾರಾವಾಹಿ ತೋರಿಸಿದಳು. ಹೆಸರು 'ದಿ ಕಿಕ್ಸ್'. ಅಮೆರಿಕದ್ದು, 2016ರಲ್ಲಿ ಬಂದದ್ದು. ನಮ್ಮ ಧಾರಾವಾಹಿಗಳ ಹಾಗೆ ವರ್ಷಗಟ್ಟಲೆ ಎಳೆದಿಲ್ಲ, ಹತ್ತೇ ಕಂತು. ಮಾತೆಲ್ಲ ಇಂಗ್ಲಿಷು. ಅವಳು ಬಿಡಿಸಿ ಹೇಳಿದಳು, ನಾನು ಕೇಳಿದೆ.

ಡೆವಿನ್ ಎಂಬ ಹುಡುಗಿ. ಹಳೆಯ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಅವಳದೇ ಮೇಲುಗೈ. ವರ್ಷದ ನಡುವೆ ಮನೆಯವರು ಕ್ಯಾಲಿಫೋರ್ನಿಯಾಕ್ಕೆ ಬರುತ್ತಾರೆ. ಅಲ್ಲಿಯ ಹುಡುಗಿಯರ ತಂಡಕ್ಕೆ ತರಬೇತುದಾರರಿಲ್ಲ, ಬರೀ ಸೋಲು. ಅದೇ ತಂಡದ ಜೊತೆ ಡೆವಿನ್ ಆಡಬೇಕು. ನಗು, ಮುನಿಸು, ಗೆಳೆತನ ಎಲ್ಲಾ ಇದೆ. ಆದರೆ ಆ ಕಥೆಯಲ್ಲಿ ಯಾರೂ "ಹೆಣ್ಣುಮಕ್ಕಳು ಓಡಬಾರದು" ಎನ್ನುವುದಿಲ್ಲ. ಅದು ನನ್ನ ಎದೆಗೆ ತಾಗಿತು. ನಾನು ದೊಡ್ಡವಳಾದ ದಿನವೇ ನಮ್ಮ ಮನೆಯಲ್ಲಿ ನನ್ನ ಓಟ ನಿಂತಿತ್ತು.

ಅಲ್ಲಿಯೂ ಇದು ತಾನಾಗಿ ಬಂದದ್ದಲ್ಲ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು-ಗಂಡೆಂದು ಭೇದ ಮಾಡಬಾರದೆಂಬ ಕಾನೂನು ಬಂದದ್ದು 1972ರಲ್ಲಿ. ಆಗ ಅಲ್ಲಿಯ ಪ್ರೌಢಶಾಲೆಗಳಲ್ಲಿ ಆಟಕ್ಕಿಳಿದಿದ್ದ ಹುಡುಗಿಯರು 3 ಲಕ್ಷಕ್ಕೂ ಕಡಿಮೆ. ಈ ಧಾರಾವಾಹಿ ಬರುವ ಹೊತ್ತಿಗೆ ಅದು 30 ಲಕ್ಷ ದಾಟಿತ್ತು.

ಈ ಕಥೆಯ ಮೂಲ ಅಲೆಕ್ಸ್ ಮಾರ್ಗನ್ ಅವರ ಪುಸ್ತಕಗಳು. ಆಕೆ ಸ್ವತಃ ದೊಡ್ಡ ಆಟಗಾರ್ತಿ. 2012ರಲ್ಲಿ ಒಲಿಂಪಿಕ್ ಚಿನ್ನ, 2015 ಮತ್ತು 2019ರಲ್ಲಿ ವಿಶ್ವಕಪ್ ಗೆದ್ದ ತಂಡದವರು. ಅಷ್ಟು ಗೆದ್ದರೂ ಸಂಬಳಕ್ಕೆ ಹೋರಾಡಬೇಕಾಯಿತು. 2019ರ ಮಾರ್ಚ್ 8ರಂದು, ನಮ್ಮ ಮಹಿಳಾ ದಿನದಂದೇ, 28 ಆಟಗಾರ್ತಿಯರು ಗಂಡಸರಿಗೆ ಸಮನಾದ ವೇತನ ಕೊಡಿ ಎಂದು ತಮ್ಮದೇ ಫುಟ್‌ಬಾಲ್ ಒಕ್ಕೂಟದ ಮೇಲೆ ದಾವೆ ಹೂಡಿದರು. 2022ರಲ್ಲಿ 2 ಕೋಟಿ 40 ಲಕ್ಷ ಡಾಲರಿಗೆ ರಾಜಿಯಾಯಿತು.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ಮಾನಾ ಶಿಮ್ ಎಂಬ ಆಟಗಾರ್ತಿ 2015ರಲ್ಲೇ ತನ್ನ ತರಬೇತುದಾರನ ಕಿರುಕುಳದ ಬಗ್ಗೆ ದೂರು ಕೊಟ್ಟಿದ್ದರು. ಆ ತಂಡ ಅವನನ್ನು ಬಿಟ್ಟಿತು, ಇನ್ನೊಂದು ತಂಡ ಕರೆದುಕೊಂಡಿತು. ಮಾತು ಅಲ್ಲಿಗೇ ಮುಚ್ಚಿಹೋಯಿತು. 2021ರ ಸೆಪ್ಟೆಂಬರಿನಲ್ಲಿ ಮಾನಾ ಮತ್ತು ಸಿನೇಡ್ ಫಾರೆಲಿ ಹೆಸರು ಹೇಳಿಕೊಂಡೇ ಪತ್ರಿಕೆಯ ಮುಂದೆ ಮಾತಾಡಿದರು. ಆತ ಬಹುಪಾಲು ಸುಳ್ಳೆಂದ. ಅಲೆಕ್ಸ್ ಮಾರ್ಗನ್ ಇವರಿಬ್ಬರ ಜೊತೆ ಟಿ.ವಿ.ಯಲ್ಲಿ ಕಾಣಿಸಿಕೊಂಡು ಇವರ ಪರ ಮಾತಾಡಿದರು. ಅಕ್ಟೋಬರ್ 6ರ ಪಂದ್ಯಗಳಲ್ಲಿ, ಆರನೇ ನಿಮಿಷಕ್ಕೆ, ಎಲ್ಲಾ ಆಟಗಾರ್ತಿಯರೂ ಆಟ ನಿಲ್ಲಿಸಿದರು. ಎದುರಾಳಿಗಳೂ ಸೇರಿ ಮೈದಾನದ ನಡುವೆ ಒಬ್ಬರ ಹೆಗಲಿಗೊಬ್ಬರು ತೋಳು ಹಾಕಿ ನಿಂತರು. ಆರನೇ ನಿಮಿಷವೇ ಏಕೆ? ಆ ಹೆಣ್ಣುಮಕ್ಕಳ ಮಾತಿಗೆ ಕಿವಿಗೊಡಲು ಆರು ವರ್ಷ ಹಿಡಿದಿತ್ತು. ಆ ತರಬೇತುದಾರ ಕೆಲಸ ಕಳೆದುಕೊಂಡ. 2023ರಲ್ಲಿ ಲೀಗ್ ಅವನನ್ನು ಶಾಶ್ವತವಾಗಿ ಹೊರಗಿಟ್ಟಿತು.

ಇದನ್ನು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬಾಕೆ ವಾರವಾರ ಮೈತುಂಬ ಸೆರಗು ಹೊದ್ದು ಬರುತ್ತಿದ್ದಳು. ಲೆಕ್ಕದ ಪುಸ್ತಕ ಬರೆಯುತ್ತಿದ್ದವಳು ನಾನು. ಕಂತು ತಡವಾದರೆ ಏಕೆಂದು ಕೇಳಿದೆ. ಮುಂಗೈ ಮೇಲಿನ ಕಂದು ಗಾಯ ಕಣ್ಣಿಗೆ ಬಿದ್ದರೂ ಕೇಳಲಿಲ್ಲ. ಅವರ ಮನೆ ವಿಷಯ ನಮಗೇಕೆ ಅಂದುಕೊಂಡೆ. ಎರಡು ವರ್ಷದ ಮೇಲೆ ಆಕೆಯೇ ಬಾಯಿ ಬಿಟ್ಟಳು. "ಅಕ್ಕಾ, ನೀವು ಯಾರಾದ್ರೂ ಕೇಳ್ತೀರಿ ಅಂತ ಕಾಯ್ತಿದ್ದೆ" ಅಂದಳು. ಆ ಮಾತಿಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ನಮಗೆ 2005ರ ಕೌಟುಂಬಿಕ ಹಿಂಸೆಯ ಕಾಯ್ದೆ ಇದೆ. ಮಹಿಳಾ ಸಹಾಯವಾಣಿ 181 ಇದೆ. ಆದರೆ ಹೊಡೆತ ತಿಂದವಳು ಒಬ್ಬಳೇ ಫೋನು ಹಿಡಿಯಲು ಹೆದರುತ್ತಾಳೆ. ಪಕ್ಕದಲ್ಲಿ ಹತ್ತು ಜನ ಕೂತಿದ್ದರೆ ಹಿಡಿಯುತ್ತಾಳೆ. ಗುಂಪು ಎಂದರೆ ದುಡ್ಡಿನ ಪೆಟ್ಟಿಗೆ ಮಾತ್ರವಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ಮುಂದಿನ ಸಭೆಯಲ್ಲಿ ಲೆಕ್ಕದ ಪುಸ್ತಕ ತೆರೆಯುವ ಮೊದಲು ಆರು ನಿಮಿಷ ಸುಮ್ಮನೆ ಕೂರೋಣ. ಒಬ್ಬರ ಮುಖ ಒಬ್ಬರು ನೋಡೋಣ. "ಹೇಗಿದ್ದೀಯಮ್ಮ?" ಎಂದು ಕೇಳೋಣ. ಉತ್ತರ ಬರುವವರೆಗೆ ಕಾಯೋಣ. ಹಾಗೆಯೇ, ನಿಮ್ಮ ಮನೆಯ ಹುಡುಗಿ ಚೆಂಡು ಹಿಡಿದು ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲಬೇಡಿ.